ಅಡಿವೆಪ್ಪನ ಗುಂಡಿ

ಮಲಪ್ರಭೆಯ ದಂಡೆಯ ಸಣ್ಣ ಆಶ್ರಮವೊಂದರಲ್ಲಿ ಅಡಿವೆಪ್ಪ ಎಂಬ ಶಿಷ್ಯನಿದ್ದ. ಕಸ ಗುಡಿಸುವುದರಿಂದ ಹಿಡಿದು ರೊಟ್ಟಿ ಬಡಿಯುವವರೆಗೆ ಯಾರು ಯಾವ ಸೇವೆ ಮಾಡಬೇಕೆಂದು ವಾರವಾರ ಹಂಚುವುದೇ ಅವನ ಸೇವೆ.

ಹಂಚುವ ಕೆಲಸ ಕಂಡಷ್ಟು ಹಗುರವಲ್ಲ. ಶುರುವಿನಲ್ಲೇ ಯಾರೋ, "ತನಗ ಬೇಕಾದವರಿಗೆ ಹಗುರ ಕೆಲಸ ಕೊಡ್ತಾನ" ಎಂದುಬಿಟ್ಟರು. ಪಾಪ, ಅಡಿವೆಪ್ಪ ಹೊಳೆಯ ಹತ್ತಿರ ಒಬ್ಬನೇ ಕೂತು ಅತ್ತಿದ್ದ.

ಆಮೇಲೆ ಒಂದು ಉಪಾಯ ಹೂಡಿದ. ಎಲ್ಲರ ಹೆಸರನ್ನೂ ಎಲ್ಲ ಸೇವೆಗಳನ್ನೂ ಕಂಪ್ಯೂಟರಿನ ಎಕ್ಸೆಲ್ ಫೈಲಿಗೆ ತುಂಬಿ, ಅದರಲ್ಲೊಂದು ಒತ್ತುವ ಗುಂಡಿ ಕೂರಿಸಿದ. ಒತ್ತಿದರೆ ಹೆಸರುಗಳು ತಾವೇ ಕಲಸಿಕೊಂಡು ಒಂದೊಂದು ಸೇವೆಯ ಮುಂದೆ ಹೋಗಿ ನಿಲ್ಲುತ್ತಿದ್ದವು. ಹಾಳೆಯನ್ನು ಗೋಡೆಗೆ ಅಂಟಿಸಿದರೆ ಮುಗಿಯಿತು. ಗುಂಡಿಯ ಜೊತೆ ಜಗಳ ಕಾಯುವವರು ಯಾರು?

ಗುರುಗಳಾದ ಶಾಂತಜ್ಜನವರು ನೋಡಿಯೂ ಸುಮ್ಮನಿದ್ದರು. ಶಿಷ್ಯ ಅತ್ತದ್ದು ಅವರಿಗೆ ಗೊತ್ತಿತ್ತು.

ಒಂದು ಭಾನುವಾರ ಆ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಭಕ್ತರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಇರಲಿಲ್ಲ, ಏನಿದ್ದರೂ ಬ್ರೌಸರಿನಲ್ಲೇ ತೆರೆಯಬೇಕು. ಅಡಿವೆಪ್ಪ ಪೆನ್‌ಡ್ರೈವಿನಿಂದ ಫೈಲನ್ನು ಏರಿಸಿದ. ತೆರೆಯಿತು. ಹೆಸರು ಬಂದವು, ಗೆರೆ ಬಂದವು, ಬಣ್ಣ ಕೂಡ ಬಂದವು. ಗುಂಡಿ ಮಾತ್ರ ಎಷ್ಟು ಒತ್ತಿದರೂ ಜಪ್ಪೆನ್ನಲಿಲ್ಲ.

ಅದೇ ಚಿಂತೆಯಲ್ಲಿ ಊಟದ ಪಂಕ್ತಿಗೆ ಬಂದು ಒಂದು ತುತ್ತು ಬಾಯಿಗಿಟ್ಟ. ಹಲ್ಲಿಗೆ ಕಲ್ಲು ಸಿಕ್ಕಿತು. ಆ ವಾರ ಅಕ್ಕಿ ಆರಿಸುವ ಸೇವೆಯನ್ನು ಗುಂಡಿ ನೀಲವ್ವನ ಪಾಲಿಗೆ ಹಾಕಿತ್ತು.

"ಈ ನೀಲವ್ವಗ ಅಕ್ಕಿ ಆರಿಸೋದೂ ಬರೂದಿಲ್ಲ," ಎಂದು ಸಿಡುಕಿದ. "ವಾರದಿಂದ ದಿನಾ ಕಲ್ಲು."

ಗುರುಗಳ ಎಲೆಯ ಅಂಚಿನಲ್ಲೂ ಕಲ್ಲುಗಳಿದ್ದವು. ಅವರು ಅವನ್ನು ಬದಿಗಿಟ್ಟು ಉಂಡರು. ಕೈ ತೊಳೆಯುವಾಗ ಕೇಳಿದರು:

"ಮಾರಿ ಯಾಕೋ ಬಾಡೇತಿ?"

"ಅಜ್ಜಾರ, ಫೈಲೇನೋ ತೆರೀತ್ರಿ. ಗುಂಡಿ ಕೆಲಸ ಮಾಡವಲ್ದು. ಅದು ಎಕ್ಸೆಲ್ ಇದ್ದ ಕಂಪ್ಯೂಟರಿನ್ಯಾಗ ಅಷ್ಟ ನಡಿಯೂದಂತ. ನಾಳಿ ಸೇವಾ ಹೆಂಗ ಹಂಚಲಿ?"

"ಹೆಸರೆಲ್ಲಾ ಬಂದಾವೇನು?"

"ಒಂದೂ ತಪ್ಪಿಲ್ರಿ."

"ಆ ಹೆಸರಿನ ಮಂದಿ?"

"ಅವರೆಲ್ಲಾ ಇಲ್ಲೇ ಅದಾರಲ್ರಿ."

"ಮತ್ತ ಕಳದದ್ದೇನು?"

ಅಡಿವೆಪ್ಪ ಹೊಳೆಯ ಕಡೆ ನೋಡಿದ. "ನಾನ ಹಂಚಿದ್ರ ಮತ್ತ ಭೇದ ಮಾಡ್ತಾನ ಅಂತಾರ್ರಿ."

"ಅಂದ್ರ ಅನ್ಲಿ. ಹೋಗು, ಒಬ್ಬೊಬ್ಬರನ್ನ ಕೇಳಿ ಬಾ."

ಏನು ಕೇಳಬೇಕೆಂದು ಅವರು ಹೇಳಲಿಲ್ಲ.

ಮೊದಲು ಸಿಕ್ಕಿದ್ದು ನೀಲವ್ವನ ಕೋಣೆ. ಗಂಡ ತೀರಿದ ಮೇಲೆ ಆಶ್ರಮವನ್ನೇ ಮನೆ ಮಾಡಿಕೊಂಡಿದ್ದ ಮುದುಕಿ, ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

"ಎಲ್ಲಿಗೆ ಹೊಂಟೀಯವ್ವಾ?"

"ತಂಗಿ ಊರಿಗೆ, ತಮ್ಮಾ. ಮುಂಜಾನಿ ಬಸ್ಸಿಗೆ. ಮಂದಿ ಹಲ್ಲು ಮುರಿಯೂದ್ರಾಗ ನಾ ಹೋಗೂದು ಚೊಲೊ."

ಸೀರೆಯ ತುದಿ ಹಿಡಿಯಲು ಹೋದ ಅವಳ ಬೆರಳುಗಳು ಗಾಳಿಯನ್ನು ತಡಕಿದವು. ಅಡಿವೆಪ್ಪ ಆಗಲೇ ಅವಳ ಕಣ್ಣುಗಳನ್ನು ಸರಿಯಾಗಿ ನೋಡಿದ್ದು.

"ಅವ್ವಾ, ಕಣ್ಣು ಕಾಣ್ಸೂದಿಲ್ಲೇನು?"

"ಮಳಿಗಾಲದಿಂದ ಎಲ್ಲಾ ಮಬ್ಬು. ಬೆಳ್ಳನ ಅಕ್ಕಿ, ಬೆಳ್ಳನ ಕಲ್ಲು, ನನಗ ಎರಡೂ ಒಂದ."

"ನನಗ್ಯಾಕ ಹೇಳ್ಲಿಲ್ಲ?"

"ಯಾವಾಗ ಹೇಳ್ಲೋ ಯಪ್ಪಾ? ಗ್ವಾಡಿಗೆ ಹಾಳಿ ಅಂಟಿಸಿ, ತಿರುಗಿ ನೋಡದ ಹೋಗಿಬಿಡ್ತಿದ್ದಿ."

ಮಧ್ಯಾಹ್ನ ತಾನಾಡಿದ ಮಾತು ನೆನಪಾಗಿ ಅಡಿವೆಪ್ಪನಿಗೆ ನಾಚಿಕೆಯಾಯಿತು. ಅವಳ ಮುಂದೆ ನೆಲದ ಮೇಲೆ ಕೂತ.

"ತಪ್ಪಾತವ್ವಾ. ಯಾವ ಸೇವಾ ಮಾಡ್ತಿ, ನೀನ ಹೇಳು."

"ಮಜ್ಜಿಗಿ ಕಡೀತೀನಿ. ಬೆಣ್ಣಿ ಬಂದದ್ದು ಸಪ್ಪಳದಾಗ ತಿಳೀತೈತಿ. ಅದಕ್ಕ ಕಣ್ಣು ಬೇಕಾಗಿಲ್ಲ."

ಅವನೇ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಗಳದ ಮೇಲೆ ಹಾಕಿದ. ಸಂಜೆಯವರೆಗೂ ಉಳಿದವರ ಹತ್ತಿರವೂ ಹೀಗೇ ಕೂತು ಎದ್ದ. ಆಮೇಲೆ ಹೆಸರುಗಳನ್ನು ಸೇವೆಗಳ ಮುಂದೆ ತನ್ನ ಕೈಯಾರೆ ಟೈಪ್ ಮಾಡಿದ.

ಮರುದಿನ ಅಡುಗೆಮನೆಯಲ್ಲಿ ಯಾರೋ ಗೊಣಗಿದರು: "ನೀಲವ್ವಗ ಹಗುರ ಕೆಲಸ ಕೊಟ್ಟಾನ ನೋಡು."

ಅಡಿವೆಪ್ಪ ಈ ಸಲ ಹೊಳೆಯ ಕಡೆ ಹೋಗಲಿಲ್ಲ. "ಹೌದ್ರಿ, ಕೊಟ್ಟೀನಿ," ಎಂದ.

ವಾರ ಮುಗಿಯುವುದರೊಳಗೆ ಹಳೆಯ ಕಂಪ್ಯೂಟರ್ ರಿಪೇರಿಯಾಗಿ ಬಂತು. ಗುಂಡಿಯೂ ನೆಟ್ಟಗಾಯಿತು. ಮನುಷ್ಯನ ಮನಸ್ಸು, ಹಳೆಯ ಆಸರೆ ಕಂಡರೆ ಬಿಡುತ್ತದೆಯೇ! ಅಡಿವೆಪ್ಪ ಗುರುಗಳ ಬಳಿಗೆ ಓಡಿದ. ಅವರು ನೀಲವ್ವ ಕಡೆದ ಮಜ್ಜಿಗೆ ಕುಡಿಯುತ್ತಿದ್ದರು.

"ಅಜ್ಜಾರ, ಗುಂಡಿ ಮತ್ತ ನಡ್ಯಾಕ ಹತ್ತೇತ್ರಿ. ಇನ್ನ ಯಾರೂ ನನಗೇನೂ ಅನ್ನಂಗಿಲ್ಲ. ಒತ್ತಲ್ರಿ?"

ಶಾಂತಜ್ಜನವರು ಲೋಟ ಕೆಳಗಿಟ್ಟರು.

"ಒತ್ತಪಾ. ಅದಕ್ಕಿಂತ ಮೊದ್ಲ, ನೀಲವ್ವನ ಕಣ್ಣಿನ ಸುದ್ದಿ ಅದರ ಕಿವಿಗೆ ಹಾಕಿ ಬಾ."