ಮುತ್ತುಗದ ಹೂವಿಗೆ ಪರಿಮಳ ಏಕಿಲ್ಲ

ಭೂಮಿ ಹೊಸದಾಗಿದ್ದ ಕಾಲದಲ್ಲಿ ಹೂಗಳೆಲ್ಲ ವಸಂತ ಬಂದ ಮೇಲೇ ಅರಳುತ್ತಿದ್ದವು. ಚಳಿ ಹೋಗಿ ವಸಂತ ಬರುವವರೆಗೆ, ಒಂದು ತಿಂಗಳು, ಎಲ್ಲೂ ಒಂದು ಹೂವೂ ಇರುತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಕೆಂಚಮ್ಮ ಮತ್ತು ಅವಳ ಗಂಡ ಜವರಯ್ಯ ಇದ್ದರು. ಅವರ ಹಿತ್ತಲ ಗೋಡೆಯ ಬಿರುಕಿನಲ್ಲಿ ಒಂದು ಜೇನುಗೂಡು. ಆ ಒಂದು ತಿಂಗಳಲ್ಲಿ ಗೂಡಿನ ತುಪ್ಪ ಮುಗಿದುಹೋಗುತ್ತಿತ್ತು. ಬೆಳಿಗ್ಗೆ ಗುಡಿಸುವಾಗ ಕೆಂಚಮ್ಮನ ಪೊರಕೆಗೆ ಸತ್ತ ಜೇನುಹುಳುಗಳು ಸಿಗುತ್ತಿದ್ದವು. ಜೇನಿಲ್ಲದಿದ್ದರೆ ಕುಂಬಳದ ಹೂವು ಕಾಯಿ ಕಚ್ಚುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

ಕಾಯೋಣ, ವಸಂತ ಬಂದೇ ಬರುತ್ತದೆ ಎಂದ ಜವರಯ್ಯ.

"ನಾವು ಕಾಯಬಹುದು. ಇವು ಕಾಯಲಾರವು" ಎಂದಳು ಕೆಂಚಮ್ಮ.

ವಸಂತಕ್ಕಿಂತ ಮೊದಲೇ ಹೂ ಬಿಡುವ ಗಿಡವೊಂದನ್ನು ಹಿತ್ತಲಿಗೆ ತರಬೇಕೆಂದು ಅವಳು ಹೊರಟಳು. ನೆಲ ಬೆಚ್ಚಗಾಗದೆ ತನಗೆ ಮೊಗ್ಗೇ ಬರುವುದಿಲ್ಲವೆಂದಿತು ಮಲ್ಲಿಗೆ. ಮೊದಲು ಹೊಸ ಚಿಗುರು, ಆಮೇಲೆ ಹೂವು ಎಂದಿತು ಹೊಂಗೆ. ಒಣಗಿದ ಹಳ್ಳದ ದಂಡೆಯ ಮುತ್ತುಗ ಮಾತ್ರ ಪ್ರಯತ್ನಿಸುತ್ತೇನೆ ಎಂದಿತು. ಆಗ ಮುತ್ತುಗ ವರ್ಷವಿಡೀ ಎಲೆ ಹೊತ್ತು ನಿಲ್ಲುತ್ತಿತ್ತು. ಅದರ ಹೂವಿನ ಪರಿಮಳ ಮೂರು ಹೊಲದಾಚೆಗೂ ಹೋಗುತ್ತಿತ್ತು.

ಕೆಂಚಮ್ಮ ಅದರ ಸಸಿ ತಂದು ನೆಟ್ಟಳು. ನಾಲ್ಕನೆಯ ಮಾಘದಲ್ಲಿ ಮೊಗ್ಗು ಬಂತು, ಆದರೆ ಅರಳುವ ಮೊದಲೇ ಒಣಗಿ ಉದುರಿತು. ಅಷ್ಟರಲ್ಲಿ ಗೂಡಿನಲ್ಲಿ ಉಳಿದಿದ್ದು ಒಂದು ಹಿಡಿ ಹುಳು.

"ಬೇರಿಗೆ ಸಿಗುವ ನೀರು ಸ್ವಲ್ಪ. ಎಲೆಗೂ ಪರಿಮಳಕ್ಕೂ ಹೂವಿಗೂ ಸಾಲುವುದಿಲ್ಲ" ಎಂದಿತು ಮುತ್ತುಗ.

ಕೆಂಚಮ್ಮ ಏನನ್ನೂ ಮುಚ್ಚಿಡಲಿಲ್ಲ. "ಎಲೆ ಉದುರಿಸಿದರೆ ನಿನ್ನ ಕೆಳಗೆ ಯಾರೂ ಕೂರುವುದಿಲ್ಲ. ಪರಿಮಳ ಬಿಟ್ಟುಕೊಟ್ಟರೆ ನಿನ್ನ ಹೂವನ್ನು ಯಾರೂ ಮುಡಿಯುವುದಿಲ್ಲ. ನಾನೂ ಮುಡಿಯುವುದಿಲ್ಲ."

ಮುತ್ತುಗ ಕೇಳಿತು, "ಪರಿಮಳವಿಲ್ಲದೆ ಜೇನು ನನ್ನನ್ನು ಹುಡುಕಿಕೊಂಡು ಬರುತ್ತದೆಯೇ?"

"ದೂರದಿಂದಲೇ ಕಾಣುವ ಹಾಗೆ ಅರಳು" ಎಂದಳು ಅವಳು.

ಸಂಜೆ ಗಾಳಿ ಬಂತು. ಮುತ್ತುಗ ಎಲೆಗಳನ್ನೆಲ್ಲ ಉದುರಿಸಿತು, ಪರಿಮಳವನ್ನೂ ಬಿಟ್ಟುಕೊಟ್ಟಿತು. ಮರುದಿನ ಜವರಯ್ಯ ಎಲೆಗಳನ್ನೆಲ್ಲ ಬುಟ್ಟಿಗೆ ತುಂಬಿ ಗೊಬ್ಬರದ ಗುಂಡಿಗೆ ಹಾಕಿದ. ಎಂಟು ದಿನ ಗಿಡ ಸತ್ತಂತೆ ನಿಂತಿತ್ತು. ಆಮೇಲೆ ಬರಿಕೊಂಬೆಗಳಲ್ಲಿ ಕಪ್ಪು ಮೊಗ್ಗು ಬಂತು. ಒಂದು ಬೆಳಿಗ್ಗೆ ಅವು ಒಡೆದವು, ಕೆಂಡದಂತೆ, ಕೊಂಬೆ ತುಂಬ. ಗೋಡೆಯಿಂದ ಒಂದು ಹುಳು ಹಾರಿ ಬಂತು. ಅದರ ಹಿಂದೆ ಇನ್ನೊಂದು.

ಒಂದು ಹಿಡಿ ಹುಳು ವಸಂತದವರೆಗೆ ಬದುಕಿತು. ಆ ವರ್ಷ ಕುಂಬಳ ಕಾಯಿ ಬಿಟ್ಟಿತು. ಮುತ್ತುಗಕ್ಕೆ ಎಲೆಗಳು ಮತ್ತೆ ಬಂದವು, ಪರಿಮಳ ಮಾತ್ರ ಬರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಒಂದೂ ಎಲೆಯಿಲ್ಲದೆ ಕೆಂಪಗೆ ಅರಳಿ ನಿಂತ ಮುತ್ತುಗ ಕಂಡರೆ ಒಂದು ಹೂವನ್ನು ಮೂಸಿ ನೋಡು, ಮಗು: ವಾಸನೆ ಏನೂ ಇರುವುದಿಲ್ಲ, ಒಳಗೊಂದು ಜೇನುಹುಳು ಇದ್ದರೂ ಇರಬಹುದು.