ಅಂಗಳದಲ್ಲಿ ಉಳಿದ ಕಲ್ಲು

“ಗುರುಗಳೇ, ಕಡಲ ತಳದ ಎಣ್ಣೆ, ಅನಿಲ ತೆಗೆಯುವ ಗುತ್ತಿಗೆಗೆ ದೊಡ್ಡ ಕಂಪನಿಗಳು ತಮ್ಮತಮ್ಮಲ್ಲಿ ಕೂಡಿಕೊಂಡು ಹರಾಜಿಗೆ ಬರಬಾರದೆಂದು ಕೆಲವು ದೇಶಗಳಲ್ಲಿ ಕಾನೂನಿದೆಯಂತೆ. ಚಿಕ್ಕವರಾದರೆ ಕೂಡಬಹುದಂತೆ. ಕೂಡಿ ಬಾಳಿ ಎಂದು ನೀವೇ ದಿನವೂ ಹೇಳುತ್ತೀರಿ. ಚಿಕ್ಕವರಿಗೊಂದು ನ್ಯಾಯ, ದೊಡ್ಡವರಿಗೊಂದು ನ್ಯಾಯವೇ?” ಎಂದು ಶಿಷ್ಯ ಪರಮಯ್ಯ ಕೇಳಿದ.

ಗುರುಗಳು ನಕ್ಕರು. “ಇದೇ ಮಾತನ್ನು ಹಿಂದೊಬ್ಬ ವರ್ತಕನೂ ಕೇಳಿದ್ದ. ಅವನಿಗೇನಾಯಿತು, ಕೇಳು” ಎಂದು ಹೇಳತೊಡಗಿದರು.

ಕಡಲ ದಂಡೆಯಲ್ಲಿ ಒಂದು ಪಟ್ಟಣ. ದಂಡೆಯಿಂದಾಚೆ, ನೀರಿನಡಿಯಲ್ಲಿ, ಮುತ್ತಿನ ಚಿಪ್ಪಿನ ದಿಬ್ಬ. ಅದನ್ನು ಅರಸ ವರ್ಷಕ್ಕೊಮ್ಮೆ ಗುತ್ತಿಗೆಗೆ ಕೊಡುತ್ತಿದ್ದ. ಗುತ್ತಿಗೆ ಹಿಡಿದವನು ಹಣ ಕೊಡುವಂತಿಲ್ಲ, ಕಲ್ಲು ಕೊಡಬೇಕು. ಮಳೆಗಾಲದ ಕಡಲು ಪ್ರತಿವರ್ಷ ಊರಿನ ತಡೆಗೋಡೆಯನ್ನು ಕೊರೆದು ಕಲ್ಲನ್ನು ಎಳೆದುಕೊಳ್ಳುತ್ತಿತ್ತು. ಗುತ್ತಿಗೆಯ ಕಲ್ಲಿನಿಂದ ಗೋಡೆಯನ್ನು ಮತ್ತೆ ಎತ್ತರಿಸುತ್ತಿದ್ದರು. ಕಡಲಿನಿಂದ ಪಡೆದದ್ದಕ್ಕೆ ಕಡಲಂಚಿನಲ್ಲೇ ಸಲ್ಲಿಸಬೇಕೆಂಬುದು ಆ ಊರಿನ ರೂಢಿ.

ಹರಾಜಿನಲ್ಲಿ ಕೂಗಾಟವಿಲ್ಲ. ದನದ ಸಂತೆಯ ದಲ್ಲಾಳಿಗಳ ಹಾಗೆ ಹೆಗಲ ವಲ್ಲಿಯ ಮರೆಯಲ್ಲಿ ಅಧಿಕಾರಿಯ ಕೈ ಹಿಡಿದು ಬೆರಳು ಒತ್ತಬೇಕು. ಒಂದು ಬೆರಳೆಂದರೆ ಹತ್ತು ದೋಣಿ ಕಲ್ಲು. ಯಾರು ಎಷ್ಟು ಒತ್ತಿದರೆಂದು ಇನ್ನೊಬ್ಬರಿಗೆ ತಿಳಿಯದು. ಹೆಚ್ಚು ಒತ್ತಿದವನಿಗೆ ದಿಬ್ಬ.

ಚಿಕ್ಕ ದೋಣಿಯವರು ಕೂಡಬಹುದಿತ್ತು. ಕೂಡದಿದ್ದರೆ ಅವರ ಕೈ ವಲ್ಲಿಯ ತನಕ ಬರುವಂತೆಯೇ ಇರಲಿಲ್ಲ. ಎಲ್ಲರೂ ಕೂಡಿ ಬಂದರೂ ಎರಡು ಬೆರಳಿನ ಆಚೆ ಹೋಗಲಾರರು. ಊರಿನ ಮೂವರು ದೊಡ್ಡ ವರ್ತಕರು ಮಾತ್ರ ಕೂಡುವಂತಿಲ್ಲ, ಅವರವರ ಕೈ ಅವರವರೇ ಚಾಚಬೇಕು. ಅವರಿಗೋ ಒಬ್ಬರ ಮೇಲೊಬ್ಬರಿಗೆ ಅನುಮಾನ. ದಿಬ್ಬ ಎಲ್ಲಿ ಕೈತಪ್ಪುವುದೋ ಎಂದು ಒಬ್ಬೊಬ್ಬನೂ ಐದು ಬೆರಳು ಒತ್ತಿ, ಸಾಲದೆಂದು ಮೇಲೆ ನಾಲ್ಕು ಒತ್ತುತ್ತಿದ್ದ. ಅಷ್ಟಕ್ಕೂ ಬೇಕಾದ ಕಲ್ಲನ್ನು ಹರಾಜಿಗೆ ಮೊದಲೇ ಒಡೆಸಿ ಅಂಗಳದಲ್ಲಿ ಒಟ್ಟಿಸಿಕೊಳ್ಳುತ್ತಿದ್ದ.

ಮೂವರಲ್ಲಿ ಹಿರಿಯ ವರ್ತಕನ ಮನೆ ತಡೆಗೋಡೆಯ ಮಗ್ಗುಲಲ್ಲೇ ಇತ್ತು. ಮನೆಯಲ್ಲಿ ಅವನು, ಅವನ ಮುದಿ ತಾಯಿ. ತಾಯಿಯೆಂದರೆ ಅವನಿಗೆ ಪ್ರಾಣ. ಅವಳು ಉಣ್ಣದೆ ಅವನು ಒಂದು ದಿನವೂ ಉಂಡವನಲ್ಲ.

ಒಂದು ವರ್ಷ ಅಂಗಳದ ಕಲ್ಲಿನ ರಾಶಿ ನೋಡಿ ಅವನ ಹೊಟ್ಟೆ ಉರಿಯಿತು. ಇಷ್ಟನ್ನೂ ನೀರಿನ ಬಾಯಿಗೆ ಸುರಿಯಬೇಕಲ್ಲ! ಹೊಸದಾಗಿ ಪಟ್ಟವೇರಿದ್ದ ಎಳೆಯ ಅರಸನ ಮುಂದೆ ಹೋಗಿ ನಿಂತ. “ಮಹಾಪ್ರಭು, ಒಗ್ಗಟ್ಟು ಧರ್ಮವಲ್ಲವೇ? ಚಿಕ್ಕವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ?” ಎಂದ. ಅರಸ ಊರಿನ ಹಿರಿಯರನ್ನಾದರೂ ಕೇಳಬಹುದಿತ್ತು. ಪುಣ್ಯಾತ್ಮ ದೊಡ್ಡವರು ಕೂಡಬಾರದೆಂಬ ಕಟ್ಟಳೆಯನ್ನೇ ತೆಗೆದುಹಾಕಿದ.

ಆ ವರ್ಷ ಮೂವರು ವರ್ತಕರ ಪರವಾಗಿ ಒಂದೇ ಕೈ ವಲ್ಲಿಯ ಮರೆಗೆ ಹೋಯಿತು. ದೋಣಿಯವರ ಎರಡು ಬೆರಳನ್ನು ಮೀರಿಸಿದರೆ ಸಾಕಿತ್ತು. ಹಿರಿಯ ವರ್ತಕ ಮೂರು ಬೆರಳು ಒತ್ತಿದ. ದಿಬ್ಬ ಅವರದಾಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಮನೆಗೆ ಬಂದ ಮಗನನ್ನು ತಾಯಿ ಕೇಳಿದಳು. “ಈ ಸಲ ಎಷ್ಟು ಬೆರಳಪ್ಪಾ?”

“ಮೂರೇ ಅಮ್ಮಾ. ಮೂವರೂ ಕೂಡಿಬಿಟ್ಟೆವು.”

“ಕಡಲನ್ನೂ ಕೂಡಿಸಿಕೊಂಡಿರೇನಪ್ಪಾ?”

ಮಗ ಬಿದ್ದು ಬಿದ್ದು ನಕ್ಕ. ಮುದುಕಿಗೆ ವ್ಯಾಪಾರ ಏನು ಗೊತ್ತು ಎಂದುಕೊಂಡ. ಅದೇ ಕೈಯಿಂದ ಅವಳ ಕಾಲು ಒತ್ತಿ ಮಲಗಿಸಿದ.

ಮೂವರೂ ಹತ್ತು ಹತ್ತು ದೋಣಿ ಕಲ್ಲು ಕೊಟ್ಟರು. ಗೋಡೆಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಉಳಿದ ಕಲ್ಲು ಅಂಗಳದಲ್ಲೇ ಇತ್ತು.

ಆಷಾಢದ ಒಂದು ಮಧ್ಯಾಹ್ನ ಮೂವರೂ ಗುಡ್ಡದ ಮೇಲಿದ್ದ ಎರಡನೆಯ ವರ್ತಕನ ಮನೆಯಲ್ಲಿ ಕುಳಿತು ಮುತ್ತು ಹಂಚಿಕೊಳ್ಳುತ್ತಿದ್ದರು. ಕೆಳಗಿನಿಂದ ಬೊಬ್ಬೆ ಕೇಳಿತು. ಕಡಲು ಗೋಡೆ ಹತ್ತಿತು ಎಂದು ಯಾರೋ ಕೂಗಿದರು. ಹಿರಿಯ ವರ್ತಕ ಮುತ್ತು ಚೆಲ್ಲಿದ್ದೂ ಅರಿವಾಗದೆ ಬರಿಗಾಲಲ್ಲಿ ಓಡಿದ.

ಗೋಡೆಯಿದ್ದಲ್ಲಿ ನೀರು. ಮನೆಯಿದ್ದಲ್ಲಿ ನೀರು. ತಾಯಿ ಮಲಗುತ್ತಿದ್ದ ಕೋಣೆ ಎಲ್ಲಿತ್ತೆಂದು ಗುರುತು ಹಿಡಿಯಲೂ ಆಗಲಿಲ್ಲ. ಅಂಗಳದಲ್ಲಿ ಒಟ್ಟಿದ್ದ ಕಲ್ಲಿನ ರಾಶಿ ಮಾತ್ರ ನೀರಿನ ನಡುವೆ ನಿಂತಿತ್ತು. ಒಂದು ಕಲ್ಲೂ ಅಲುಗಿರಲಿಲ್ಲ.

ವರ್ತಕ ಅದನ್ನೇ ನೋಡಿದ. ಆಮೇಲೆ ನೀರಿಗಿಳಿದು, ರಾಶಿಯಿಂದ ಒಂದು ಕಲ್ಲು ಎತ್ತಿ ಎದೆಗವಚಿಕೊಂಡು, ಗೋಡೆಯಿದ್ದ ಕಡೆಗೆ ನಡೆಯತೊಡಗಿದ. ದೋಣಿಯವರು ಅವನನ್ನು ಹಿಡಿದು ದಡಕ್ಕೆಳೆದರು. ಕಲ್ಲನ್ನು ಮಾತ್ರ ಅವನ ಕೈಯಿಂದ ಬಿಡಿಸಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪರಮಯ್ಯನೊಳಗಿನ ವಾದ ಇನ್ನೂ ಅವನನ್ನು ಬಿಟ್ಟಿರಲಿಲ್ಲ.

“ಆದರೆ ಗುರುಗಳೇ, ಆ ಮೂವರು ಕೂಡಿ ಯಾರದ್ದನ್ನೂ ಕದಿಯಲಿಲ್ಲವಲ್ಲ?” ಎಂದ.

ಗುರುಗಳು ಹೇಳಿದರು: “ಇಲ್ಲಪ್ಪ, ಕಲ್ಲೆಲ್ಲ ಅವರವರ ಅಂಗಳದಲ್ಲೇ ಇತ್ತು.”