ಹೆಸರು ಕೇಳದೆ ನೀರು ಕೊಟ್ಟ ಹುಲಿಗೆವ್ವ

ಕೇಳಿರಪ್ಪ, ಬಹಳ ಹಿಂದೆ, ಯಾವ ಕಾಲವೆಂದು ಯಾರಿಗೂ ನೆನಪಿಲ್ಲದಷ್ಟು ಹಿಂದೆ, ಹೊಳೆದಂಡೆಯಲ್ಲಿ ಒಂದು ಊರಿತ್ತಂತೆ. ಆ ಊರಿಗೆ ಹುಲಿಗೆವ್ವ ಎಂಬ ಹೆಂಗಸು ಮುಖಂಡಳಾಗಿದ್ದಳಂತೆ. ಊರವರೇ ಕೈಯೆತ್ತಿ ಆರಿಸಿದವಳು. ಎಂಥ ಗಟ್ಟಿಗಿತ್ತಿ ಎಂದರೆ, ಅವಳು ಗದರಿದರೆ ಹೊಳೆಯೂ ಒಂದು ಗಳಿಗೆ ನಿಂತು ಹರಿಯುತ್ತಿತ್ತಂತೆ. ಹೊಳೆ ನಿಂತದ್ದನ್ನು ನಾನು ನೋಡಿಲ್ಲ, ಬಿಡಿ. ಮರಳು ಕದಿಯುವವರ ಬಂಡಿಗಳಂತೂ ನಿಂತೇ ಹೋದವು.

ಬಂಡಿ ನಿಂತವರು ಸುಮ್ಮನಿರುತ್ತಾರೆಯೇ? ಅವಳನ್ನು ಮುಗಿಸುತ್ತೇವೆ ಎಂದು ಹೇಳಿ ಕಳಿಸಿದರಂತೆ. ಊರವರು ಹೋಗಿ ಸರ್ಕಾರದ ಸಾಹೇಬನ ಮುಂದೆ ಕೈಮುಗಿದರು. ಸಾಹೇಬ ಇಬ್ಬರು ಕಾವಲುಗಾರರನ್ನು ಅವಳ ಬಾಗಿಲಲ್ಲಿ ಕೂರಿಸಿದ.

ಆ ಸೀಮೆಯಲ್ಲಿ ಒಂದು ಪದ್ಧತಿ. ಬಿಸಿಲಲ್ಲಿ ನೀರು ಕೇಳಿ ಬಂದವರ ಹೆಸರು ಕೇಳಬಾರದು, ಊರು ಕೇಳಬಾರದು. ಮೊದಲು ಬೆಲ್ಲ, ಆಮೇಲೆ ನೀರು. ಕಾವಲುಗಾರರೂ ಅದೇ ಸೀಮೆಯವರು. ಒಂದು ಮಧ್ಯಾಹ್ನ ಒಬ್ಬ ಬಂದು ಬಾಯಾರಿಕೆ ಎಂದ. ಅವರು ಸರಿದು ದಾರಿ ಬಿಟ್ಟರು. ಹುಲಿಗೆವ್ವ ಬೆಲ್ಲ ಕೊಟ್ಟಳು. ನೀರು ತುಂಬಲು ಗಡಿಗೆಯ ಕಡೆ ತಿರುಗಿದಳು. ಅವನು ಅವಳ ಬೆನ್ನಿಗೆ ಚೂರಿ ಹಾಕಿದ. ಬೆಲ್ಲ ಇನ್ನೂ ಅವನ ಬಾಯಲ್ಲೇ ಇತ್ತಂತೆ! ಅವಳು ಕೊಟ್ಟ ಬೆಲ್ಲ ತಿನ್ನುತ್ತಲೇ ಹಾಕಿದನಲ್ಲಪ್ಪ.

ಊರಿಗೆ ಊರೇ ದಂಗಾಗಿ ಕೂತಿತು. ಯಾರಿಗೂ ಅಳು ಕೂಡ ಬರಲಿಲ್ಲವಂತೆ. ಎಮ್ಮೆಗಳು ಕರುಗಳಿಗೆ ಹಾಲು ಬಿಡಲಿಲ್ಲ ಎನ್ನುತ್ತಾರೆ. ಹಾಗೆ ಕೂತವರಿಗೆ ಇನ್ನೊಂದು ಸುದ್ದಿ ಬಂತು. ಕೊಂದವನ ಹೆಸರು, ಚಹರೆ ಎಲ್ಲ ಸಾಹೇಬನಿಗೆ ಮೊದಲೇ ತಿಳಿದಿತ್ತಂತೆ. ಬಾಗಿಲಲ್ಲಿ ಕೂತವರಿಗೆ ಮಾತ್ರ ಹೇಳಿರಲಿಲ್ಲ. ಮರೆತನಂತೆ!

ಸರ್ಕಾರ ಏನು ಮಾಡಿತು? ಕಾವಲುಗಾರರಿಬ್ಬರನ್ನೂ ಕೆಲಸದಿಂದ ಕಿತ್ತುಹಾಕಿತು. ಸಾಹೇಬನನ್ನು ಬಿಟ್ಟಿತು. ಆಮೇಲೆ ಡಂಗುರ ಸಾರಿಸಿತು. ಇನ್ನು ಮುಂದೆ ಹೆಸರು, ಊರು ಕೇಳದೆ ಯಾರಿಗೂ ನೀರು ಕೊಡಕೂಡದು, ಕೊಟ್ಟರೆ ಸೆರೆಮನೆ. ತಪ್ಪೆಲ್ಲ ನೀರಿನದೇ ಎನ್ನುವ ಹಾಗೆ.

ಆಜ್ಞೆ ನಡೆಯುತ್ತದೋ ಇಲ್ಲವೋ ನೋಡಲು ಸಾಹೇಬ ತಾನೇ ಬಂದನಂತೆ. ಅದೇ ಹೊತ್ತಿಗೆ ಕುರಿ ಹೊಡೆದುಕೊಂಡು ಒಬ್ಬ ಪರದೇಶಿ ಬಂದು ನೀರು ಕೇಳಿದ. ಯಾರೂ ಏಳಲಿಲ್ಲ. ಯಾರನ್ನೂ ನೀರು ಕೊಡದೆ ಕಳಿಸಿ ಗೊತ್ತಿಲ್ಲದ ಊರು, ತಲೆ ತಗ್ಗಿಸಿ ಕೂತಿತು. ಆಗ ಹುಲಿಗೆವ್ವನ ತಾಯಿ ಕೆಂಚವ್ವ ಎದ್ದಳು. ಅವನ ಅಂಗೈಗೆ ಬೆಲ್ಲ ಇಟ್ಟಳು. ಹೆಸರು ಕೇಳು ಎಂದು ಸಾಹೇಬ ಗದರಿದ.

“ಗೊತ್ತಿದ್ದ ಹೆಸರು ನೀವು ಹೇಳ್ಲಿಲ್ರೀ ಸಾಹೇಬ್ರ. ಈಗ ನಾ ಕೇಳಿ ಏನ್ ಮಾಡ್ಲಿ?” ಅಂದಳಂತೆ ಮುದುಕಿ.

ಅಂದವಳೇ ಗಡಿಗೆಯ ಕಡೆ ತಿರುಗಿದಳು. ಊರವರಿಗೆ ಅವಳ ಬೆನ್ನು ಕಂಡಿತು. ಒಬ್ಬಳು ಓಡಿ ಹೋಗಿ ಮುದುಕಿಯ ಹಿಂದೆ ನಿಂತಳು. ಇನ್ನೊಬ್ಬಳು ಹೋದಳು. ಆಮೇಲೆ ಕಿತ್ತುಹಾಕಿಸಿಕೊಂಡ ಕಾವಲುಗಾರರೂ ಬಂದು ನಿಂತರಂತೆ. ಸಾಹೇಬ ಬಂದ ದಾರಿ ಹಿಡಿದು ಹೊರಟುಹೋದ.

ಆ ಆಜ್ಞೆಯನ್ನು ಯಾರೂ ರದ್ದು ಮಾಡಲಿಲ್ಲ, ಯಾರೂ ಪಾಲಿಸಲೂ ಇಲ್ಲ. ಆ ಊರಲ್ಲಿ ಈಗಲೂ ನೀರು ಕೇಳಿದವರ ಹೆಸರು ಕೇಳುವುದಿಲ್ಲ. ಆದರೆ ಕೊಡುವವರು ಗಡಿಗೆಯ ಕಡೆ ತಿರುಗುವಾಗ ಮನೆಯ ಇನ್ನೊಬ್ಬರು ಬಂದು ಅವರ ಬೆನ್ನಿಗೆ ನಿಲ್ಲುತ್ತಾರೆ. ಮನೆಯಲ್ಲಿ ಒಬ್ಬರೇ ಇದ್ದರೆ “ಹುಲಿಗೆವ್ವಾ” ಎಂದು ಕೂಗುತ್ತಾರೆ. ಪಕ್ಕದ ಮನೆಯವರು, ಯಾರೇ ಆಗಲಿ, ಕೈಯಲ್ಲಿದ್ದ ಕೆಲಸ ಬಿಟ್ಟು “ಬಂದೆ” ಎಂದು ಓಡಿ ಬರುತ್ತಾರೆ.